ಡಾಕ್ಟರ್ ಮೇರಿ ಪಟ್ನಂ ಜಕೋಬಿ

ವೈದ್ಯಶಾಸ್ತ್ರದ ಚರಿತ್ರೆಯೆಂದೊಡನೆ ನಮಗೆ ನೆನಪಾಗುವವರು ಪಾಶ್ಚರ್, ಲಿಸ್ಟರ್, ಕಾಖ್ ಮೊದಲಾದ ಮಹಾಪುರುಷರು. ಅವರ ಒಬ್ಬೊಬ್ಬರ ಹೆಸರಿನ ಜೊತೆಗೂ ಒಂದು ರೋಗಾಣುವೋ, ಒಂದು ಲಸಿಕೆಯೋ, ಒಂದು ಚಿಕಿತ್ಸಾ ಕ್ರಮವೋ ಅಂಟಿಕೊಂಡಿದೆ. ನಾನು ಇಲ್ಲಿ ಹೇಳಹೊರಟಿರುವ ಮಹಿಳೆಯ ಹೆಸರಿನೊಡನೆ ಅಂಥದೇನೂ ಇಲ್ಲ. ಹೆಣ್ಣುಮಕ್ಕಳು ಕಾಲೇಜಿನಲ್ಲಿ ಕುಳಿತು ಓದಿದರೆ ಅವರ ಶರೀರ ಕೆಟ್ಟು, ಮುಂದೆ ತಾಯಂದಿರಾಗಲು ಅಯೋಗ್ಯರಾಗುತ್ತಾರೆಂದು ದೊಡ್ಡ ವೈದ್ಯರು ಶಾಸ್ತ್ರದ ಹೆಸರಿನಲ್ಲಿ ತೀರ್ಪು ಕೊಟ್ಟಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಈಕೆ, ಅದು ನಿಜವೇ ಎಂಬುದನ್ನು ಆ ಹೆಣ್ಣುಮಕ್ಕಳನ್ನೇ ಕೇಳಿ, ಅಳೆದು, ಎಣಿಸಿ ನೋಡಿದಳು. ಕೇಳುವುದಕ್ಕೆ ಇದು ಸಣ್ಣ ಮಾತು. ಆದರೆ ಅಲ್ಲಿಯವರೆಗೆ ಅದನ್ನು ಆ ರೀತಿ ಮಾಡಿ ತೋರಿಸಿದವರು ಇರಲಿಲ್ಲ.

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ನನಗೆ ವೈದ್ಯಶಾಸ್ತ್ರದಲ್ಲಿ ಏನು ಕೆಲಸವೆಂದು ಕೆಲವರು ಕೇಳಿಯಾರು. ನಾನು ಈಕೆಯ ಬಳಿಗೆ ಬಂದದ್ದು ಆನಂದಿಬಾಯಿ ಜೋಶಿಯವರ ಮೂಲಕ. ಅಮೆರಿಕಾಕ್ಕೆ ಹೋಗಿ ೧೮೮೬ರಲ್ಲಿ ವೈದ್ಯ ಪದವಿ ಪಡೆದ ಆ ಮಹಾರಾಷ್ಟ್ರದ ತರುಣಿಯ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಆನಂದಿಬಾಯಿ ಕಲಿತ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರು ಯಾರೆಂದು ಹುಡುಕುತ್ತ ಹೋದಾಗ, ಅವರಿಗಿಂತ ೨೨ ವರ್ಷ ಮೊದಲು, ೧೮೬೪ರಲ್ಲಿ, ಅದೇ ಕಾಲೇಜಿನಿಂದ ಹೊರಬಂದ ಮೇರಿ ಪಟ್ನಂ ಎಂಬ ಹೆಸರು ಸಿಕ್ಕಿತು. ಹುಡುಕುತ್ತಿದ್ದವರನ್ನು ಬಿಟ್ಟು ಸಿಕ್ಕವರ ಹಿಂದೆ ಹೋಗುವುದು ಇತಿಹಾಸ ಓದುವವರ ದುರಭ್ಯಾಸವೆಂದು ನಮ್ಮ ಅಧ್ಯಾಪಕರು ಎಚ್ಚರಿಸುತ್ತಿರುತ್ತಾರೆ. ಈ ಸಲ ಮನ್ನಿಸಬೇಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ಮುಟ್ಟು ಎಂಬ ಶಬ್ದ ಹಲವು ಸಲ ಬರುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳದೆ, ಹೊರಗೆ ಕೂತಿದ್ದಾಳೆ ಎಂದೋ, ಮೂರು ದಿನ ಎಂದೋ ಸುತ್ತಿಬಳಸಿ ಹೇಳುವ ರೂಢಿಯುಂಟು. ಆದರೆ ಈಕೆಯ ಸಂಶೋಧನೆಯೆಲ್ಲ ಆ ಒಂದು ವಿಷಯದ ಮೇಲೆಯೇ ನಿಂತಿರುವಾಗ ಸುತ್ತಿಬಳಸಿದರೆ ಅವಳ ಶ್ರಮಕ್ಕೆ ಅನ್ಯಾಯ ಮಾಡಿದಂತಾಗುತ್ತದೆ.

ಮೇರಿ ಹುಟ್ಟಿದ್ದು ೧೮೪೨ನೆಯ ಇಸವಿ ಆಗಸ್ಟ್ ೩೧ರಂದು, ಲಂಡನ್ ನಗರದಲ್ಲಿ. ತಂದೆ ಜಾರ್ಜ್ ಪಾಮರ್ ಪಟ್ನಂ ಅಮೆರಿಕಾದ ಪುಸ್ತಕ ಪ್ರಕಾಶಕ; ವ್ಯಾಪಾರದ ಸಲುವಾಗಿ ಆಗ ಅಲ್ಲಿ ನೆಲೆಸಿದ್ದ. ಮಗು ಐದಾರು ವರ್ಷದವಳಾಗುವ ಹೊತ್ತಿಗೆ ಸಂಸಾರ ನ್ಯೂಯಾರ್ಕಿಗೆ ಮರಳಿತು. ವಾಷಿಂಗ್ಟನ್ ಅರ್ವಿಂಗನಂಥ ಲೇಖಕರ ಗ್ರಂಥಗಳನ್ನು ಪ್ರಕಟಿಸಿ ಈ ತಂದೆ ಹೆಸರು ಗಳಿಸಿದ. ದೊಡ್ಡ ಸಂಸಾರದ ಹಿರಿಯ ಮಗಳು ಮೇರಿ. ಅಚ್ಚಿನ ಶಾಯಿಯ ವಾಸನೆಯ ನಡುವೆ ಬೆಳೆದ ಹುಡುಗಿಗೆ ಬರವಣಿಗೆ ಸುಲಭವಾಗಿ ಬಂತು. ಹದಿನೇಳನೆಯ ವಯಸ್ಸಿನಲ್ಲಿಯೇ ಅವಳ ಕಥೆಯೊಂದು ಅಟ್ಲಾಂಟಿಕ್ ಮಂತ್ಲಿ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗಳು ಲೇಖಕಿಯಾಗುತ್ತಾಳೆಂದು ಮನೆಯವರು ತಿಳಿದುಕೊಂಡಿದ್ದರೆ ಅದು ಸಹಜವೇ. ಆದರೆ ಮಗಳ ಮನಸ್ಸು ಔಷಧಶಾಸ್ತ್ರದ ಕಡೆಗೆ ಹರಿದಿತ್ತು. ತಂದೆಗೆ ಹೆಣ್ಣು ಹೆಣಗಳನ್ನು ಕೊಯ್ಯುವ ವಿದ್ಯೆಗೆ ಹೋಗುವುದು ಹಿಡಿಸಲಿಲ್ಲ. ಆದರೂ ಅಡ್ಡಬೀಳಲಿಲ್ಲ, ಅಂಥ ತಂದೆಯರು ಎಲ್ಲ ಕಾಲದಲ್ಲಿಯೂ ಕೆಲವರು ಇರುತ್ತಾರೆ. ೧೮೬೩ರಲ್ಲಿ ನ್ಯೂಯಾರ್ಕಿನ ಔಷಧಶಾಸ್ತ್ರದ ಕಾಲೇಜಿನಲ್ಲಿ ಆಕೆ ಉತ್ತೀರ್ಣಳಾದಳು. ಆ ದೇಶದಲ್ಲಿ ಆ ಶಾಸ್ತ್ರದ ಕಾಲೇಜೊಂದರಿಂದ ಪದವಿ ಪಡೆದ ಮೊದಲನೆಯ ಹೆಂಗಸು ಈಕೆಯೇ ಎನ್ನುತ್ತಾರೆ. ಮರುವರ್ಷವೇ ಫಿಲಡೆಲ್ಫಿಯಾದ ಪದವಿಯೂ ಕೈಗೆ ಬಂತು.

ಬೇರೆಯವರಾಗಿದ್ದರೆ ಅಲ್ಲಿಗೆ ತೃಪ್ತಿಪಟ್ಟು ಬಾಗಿಲಿಗೆ ಫಲಕ ಹಾಕಿಸಿಕೊಳ್ಳುತ್ತಿದ್ದರು. ಮೇರಿಗೆ ತೃಪ್ತಿಯಿರಲಿಲ್ಲ. ಹೆಂಗಸರಿಗಾಗಿಯೇ ತೆರೆದ ಕಾಲೇಜುಗಳಲ್ಲಿ ಒಳ್ಳೆಯ ಮನಸ್ಸಿತ್ತು, ಪ್ರಯೋಗಶಾಲೆಗಳು ಸಾಲದಾಗಿದ್ದವು. ಹೆಂಗಸೆಂಬ ಕನಿಕರದಿಂದ ಕೊಟ್ಟ ಪದವಿ ಅವಳಿಗೆ ಬೇಡವಾಗಿತ್ತು. ಆ ಕಾಲದಲ್ಲಿ ವೈದ್ಯವಿದ್ಯೆಯ ಕಾಶಿಯೆಂದರೆ ಪ್ಯಾರಿಸ್. ೧೮೬೬ರಲ್ಲಿ ಆಕೆ ಒಬ್ಬಳೇ ಅಲ್ಲಿಗೆ ಹೊರಟಳು. ಪ್ಯಾರಿಸ್ಸಿನ ವೈದ್ಯಶಾಲೆ ಅಲ್ಲಿಯವರೆಗೆ ಒಬ್ಬ ಹೆಂಗಸನ್ನೂ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡಿರಲಿಲ್ಲ. ಮೇರಿ ಮೊದಲು ಆಸ್ಪತ್ರೆಗಳಲ್ಲಿ ವೈದ್ಯರ ಹಿಂದೆ ಓಡಾಡುವ ಅನುಮತಿ ಪಡೆದಳು, ಆಮೇಲೆ ಪ್ರಯೋಗಶಾಲೆಗೆ ಹೋದಳು. ಹೊಟ್ಟೆಪಾಡಿಗೆ ಅಮೆರಿಕಾದ ಪತ್ರಿಕೆಗಳಿಗೆ ಲೇಖನಗಳನ್ನು ಬರೆಯುತ್ತಿದ್ದಳು. ನ್ಯೂಯಾರ್ಕಿನ ವೈದ್ಯಕೀಯ ಪತ್ರಿಕೆಯೊಂದಕ್ಕೆ ಪ್ಯಾರಿಸ್ಸಿನಿಂದ ಬರುತ್ತಿದ್ದ ಪತ್ರಗಳ ಕೆಳಗೆ ಪಿ.ಸಿ.ಎಂ. ಎಂಬ ಅಕ್ಷರಗಳಿರುತ್ತಿದ್ದವು. ಅವು ಮೇರಿ ಕೊರಿನಾ ಪಟ್ನಂ ಎಂಬ ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿದವು. ಓದಿದ ಡಾಕ್ಟರರು ಬರೆದವನು ಗಂಡಸೆಂದೇ ಭಾವಿಸಿರಬೇಕು.

ಪಟ್ಟು ಬಿಡದೆ ಅರ್ಜಿಯ ಮೇಲೆ ಅರ್ಜಿ ಹಾಕಿದ ಮೇಲೆ, ವಿದ್ಯಾಮಂತ್ರಿ ವಿಕ್ಟರ್ ದ್ಯೂರುಯಿಯ ಒಲವೂ ಸೇರಿ, ೧೮೬೮ರ ಜನವರಿಯಲ್ಲಿ ವೈದ್ಯಶಾಲೆಯ ಬಾಗಿಲು ತೆರೆಯಿತು. ಅದೂ ಹೆಬ್ಬಾಗಿಲಲ್ಲ. ಆಕೆ ಪಕ್ಕದ ಬಾಗಿಲಿನಿಂದ ಒಳಗೆ ಬಂದು ಅಧ್ಯಾಪಕರ ಬಳಿಯಲ್ಲಿ, ವಿದ್ಯಾರ್ಥಿಗಳ ಸಾಲಿನಿಂದ ದೂರವಾಗಿ ಕುಳಿತುಕೊಳ್ಳಬೇಕೆಂದು ಕಟ್ಟಳೆ. ಅಷ್ಟು ದೂರದಲ್ಲಿ ಕೂತು ಕಲಿತವಳು ಪರೀಕ್ಷೆಗಳನ್ನೆಲ್ಲ ಉತ್ತಮವಾಗಿ ಮುಗಿಸಿದಳು. ನಡುವೆ ೧೮೭೦ರಲ್ಲಿ ಜರ್ಮನರೊಡನೆ ಯುದ್ಧ ಬಂತು. ಪ್ಯಾರಿಸ್ಸಿಗೆ ಮುತ್ತಿಗೆ ಬಿತ್ತು. ಜನ ಕುದುರೆಯ ಮಾಂಸ, ಇಲಿಯ ಮಾಂಸ ತಿನ್ನುವಂತಾಯಿತು. ಮೇರಿ ಊರು ಬಿಟ್ಟು ಹೋಗಲಿಲ್ಲ. ಮುತ್ತಿಗೆ ಮುಗಿದು, ಕಮ್ಯೂನ್ ದಂಗೆಯೂ ರಕ್ತದಲ್ಲಿ ಮುಗಿದ ಮೇಲೆ, ೧೮೭೧ರ ಜುಲೈ ತಿಂಗಳಿನಲ್ಲಿ ತನ್ನ ಪ್ರಬಂಧವನ್ನು ಒಪ್ಪಿಸಿ ಪದವಿ ಪಡೆದಳು. ಪ್ರಬಂಧಕ್ಕೆ ಕಂಚಿನ ಪದಕವೂ ಬಂತು. ಇಂಗ್ಲೆಂಡಿನ ಎಲಿಜಬೆತ್ ಗ್ಯಾರೆಟ್ ಒಂದು ವರ್ಷ ಮುಂಚೆ ಅಲ್ಲಿಯೇ ಪರೀಕ್ಷೆ ಕೊಟ್ಟು ಪದವೀಧರೆಯಾಗಿದ್ದುದರಿಂದ ಮೇರಿ ಎರಡನೆಯವಳಾದಳು. ತನ್ನನ್ನು ಸೇರಿಸಿಕೊಳ್ಳುವ ಪ್ರಶ್ನೆ ಬಂದಾಗ ಅಧ್ಯಾಪಕರಲ್ಲಿ ಒಬ್ಬನೇ ಒಬ್ಬ ತನ್ನ ಪರವಾಗಿ ಮತ ಕೊಟ್ಟನೆಂದು ಅವಳಿಗೆ ತಿಳಿದಿತ್ತು, ಯಾರೆಂದು ತಿಳಿದಿರಲಿಲ್ಲ. ಆ ಹೆಸರು ಗೊತ್ತಿಲ್ಲದ ಅಧ್ಯಾಪಕನಿಗೆ ಆ ಪ್ರಬಂಧವನ್ನು ಅರ್ಪಿಸಿದ್ದಾಳೆ. ನಾನು ಓದಿದ ಅರ್ಪಣೆಗಳಲ್ಲಿ ನನಗೆ ತುಂಬ ಮೆಚ್ಚುಗೆಯಾದುದು ಇದು.

ನ್ಯೂಯಾರ್ಕಿಗೆ ಮರಳಿದ ಮೇಲೆ ಬ್ಲ್ಯಾಕ್‌ವೆಲ್ ಸೋದರಿಯರು ಸ್ಥಾಪಿಸಿದ್ದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕಿಯಾದಳು. ಪ್ಯಾರಿಸ್ಸಿನ ಮಟ್ಟದಲ್ಲಿ ಪಾಠ ಹೇಳತೊಡಗಿದಾಗ ವಿದ್ಯಾರ್ಥಿನಿಯರು, ಈಕೆಯ ಪಾಠ ನಮ್ಮ ತಲೆಗೆ ಮೀರಿದ್ದೆಂದು ದೂರಿದರಂತೆ. ನಮ್ಮ ಸಹಪಾಠಿಗಳಿಗೆ ಈ ಸಂಗತಿಯಿಂದ ಸ್ವಲ್ಪ ಸಮಾಧಾನವಾಗಬಹುದು. ಆದರೆ ಅಧ್ಯಾಪಕಿ ಮಟ್ಟವನ್ನು ಇಳಿಸಲಿಲ್ಲ. ಹೆಂಗಸರಿಗೆ ಕಡಿಮೆ ಸಾಕು ಎಂಬ ಮಾತು ಗಂಡಸರ ಬಾಯಿಂದ ಬಂದರೂ ಹೆಂಗಸರ ಬಾಯಿಂದ ಬಂದರೂ ಅವಳಿಗೆ ಒಂದೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ೧೮೭೩ರಲ್ಲಿ ಬಾಸ್ಟನ್ ನಗರದಲ್ಲಿ ಒಂದು ಚಿಕ್ಕ ಪುಸ್ತಕ ಹೊರಬಿತ್ತು. ಬರೆದವನು ಡಾಕ್ಟರ್ ಎಡ್ವರ್ಡ್ ಕ್ಲಾರ್ಕ್, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಗಣ್ಯ ವೈದ್ಯ. ಪುಸ್ತಕದ ಹೆಸರು ಸೆಕ್ಸ್ ಇನ್ ಎಜುಕೇಷನ್. ವಿದ್ಯಾಭ್ಯಾಸದಲ್ಲಿ ಗಂಡು ಹೆಣ್ಣೆಂಬ ಭೇದವಿರಬೇಕೆಂಬುದು ಅದರ ವಾದ. ಇವನೇನೂ ಒರಟು ಮನುಷ್ಯನಲ್ಲ; ಹೆಂಗಸರು ವೈದ್ಯವಿದ್ಯೆ ಕಲಿಯಬಹುದೆಂದು ಹಿಂದೆ ಒಪ್ಪಿದ್ದವನೇ. ಆದುದರಿಂದಲೇ ಅವನ ಮಾತಿಗೆ ತೂಕ ಹೆಚ್ಚಾಯಿತು. ಅವನ ಸಿದ್ಧಾಂತವನ್ನು ನಮ್ಮ ಕಡೆಯ ರೀತಿಯಲ್ಲಿ ಹೇಳುವುದಾದರೆ ಹೀಗೆ: ಶರೀರವೆಂಬುದು ಒಂದೇ ಕಣಜವಿರುವ ಮನೆ. ಕಣಜದಲ್ಲಿರುವ ಧಾನ್ಯ ಇಷ್ಟೇ. ಹುಡುಗಿ ಮೈನೆರೆಯುವ ವಯಸ್ಸಿನಲ್ಲಿ ಗರ್ಭಾಶಯ ಮತ್ತು ಅಂಡಾಶಯಗಳು ಬೆಳೆಯಲು ಹೆಚ್ಚು ಧಾನ್ಯ ಬೇಕು. ಆ ಹೊತ್ತಿನಲ್ಲಿಯೇ ಹುಡುಗಿ ಲ್ಯಾಟಿನ್, ಬೀಜಗಣಿತ ಎಂದು ಮಿದುಳಿಗೆ ಬಡಿಸಿದರೆ ಆ ಅಂಗಗಳು ಉಪವಾಸ ಬೀಳುತ್ತವೆ. ಆದ್ದರಿಂದ ಹುಡುಗಿಯರು ಗಂಡುಹುಡುಗರಂತೆ ಎಡೆಬಿಡದೆ ಓದಕೂಡದು. ತಿಂಗಳಿಗೊಮ್ಮೆ, ಮುಟ್ಟಿನ ದಿನಗಳಲ್ಲಿ, ಓದನ್ನೂ ಓಡಾಟವನ್ನೂ ನಿಲ್ಲಿಸಿ ವಿಶ್ರಾಂತಿ ಪಡೆಯಬೇಕು. ಒಂದೇ ತರಗತಿಯಲ್ಲಿ ಗಂಡು ಹೆಣ್ಣು ಕೂಡಿ ಓದುವುದಂತೂ ಆಗದ ಮಾತು.

ಇದಕ್ಕೆ ಅವನು ಕೊಟ್ಟ ಸಾಕ್ಷ್ಯವೇನು? ತನ್ನ ಬಳಿಗೆ ಚಿಕಿತ್ಸೆಗೆ ಬಂದ ಬೆರಳೆಣಿಕೆಯಷ್ಟು ಹುಡುಗಿಯರ ಕಥೆಗಳು. ಕಾಯಿಲೆಯಾದ್ದರಿಂದಲೇ ವೈದ್ಯನ ಬಳಿಗೆ ಬಂದವರು ಅವರು. ಓದಿಯೂ ಆರೋಗ್ಯವಾಗಿದ್ದವರು ಅವನ ಬಾಗಿಲಿಗೆ ಬರುವ ಕಾರಣವೇ ಇರಲಿಲ್ಲವಲ್ಲ. ಆ ಕಥೆಗಳಲ್ಲಿ ಒಬ್ಬಳು ಹದಿನಾಲ್ಕನೆಯ ವಯಸ್ಸಿನಲ್ಲಿ ವಾಸರ್ ಮಹಿಳಾ ಕಾಲೇಜಿಗೆ ಸೇರಿ ಕೆಟ್ಟಳೆಂದು ಬರೆದಿದ್ದ. ಆ ವಯಸ್ಸಿನವರನ್ನು ನಾವು ಸೇರಿಸಿಕೊಳ್ಳುವುದೇ ಇಲ್ಲವೆಂದು ಆ ಕಾಲೇಜಿನ ವೈದ್ಯೆ ಅಲಿಡಾ ಏವರಿ ಉತ್ತರ ಕೊಟ್ಟಳು. ಆದರೇನು, ಪುಸ್ತಕ ಕಾಳ್ಗಿಚ್ಚಿನಂತೆ ಹಬ್ಬಿತು. ಮುಂದಿನ ವರ್ಷಗಳಲ್ಲಿ ಅದು ೧೭ ಮುದ್ರಣಗಳನ್ನು ಕಂಡಿತು. ೧೮೭೪ರಲ್ಲಿ ಇಂಗ್ಲೆಂಡಿನ ಮನೋವೈದ್ಯ ಹೆನ್ರಿ ಮಾಡ್‌ಸ್ಲೆ ಅದೇ ರಾಗವನ್ನು ಹಾಡಿದ. ಅವನಿಗೆ ಎಲಿಜಬೆತ್ ಗ್ಯಾರೆಟ್, ಆ ವೇಳೆಗೆ ಮದುವೆಯಾಗಿ ಶ್ರೀಮತಿ ಆಂಡರ್ಸನ್, ಕೊಟ್ಟ ಉತ್ತರ ಬಹಳ ಸೊಗಸಾದುದು. ನಿಮ್ಮ ಮನೆಯ ಕೆಲಸದ ಹೆಣ್ಣುಗಳು ತಿಂಗಳ ಎಲ್ಲ ದಿನವೂ ಮೆಟ್ಟಿಲು ಹತ್ತಿ ಇಳಿದು ನೀರು ಹೊರುತ್ತಾರಲ್ಲ, ಅವರಿಗೆ ವಿಶ್ರಾಂತಿ ಬೇಕೆಂದು ಯಾವ ವೈದ್ಯನೂ ಏಕೆ ಹೇಳುವುದಿಲ್ಲ ಎಂಬುದು ಅದರ ತಾತ್ಪರ್ಯ. ನೀರು ಹೊರುವುದಕ್ಕೆ ಅಡ್ಡಬಾರದ ಮುಟ್ಟು ಪುಸ್ತಕ ಹೊರುವುದಕ್ಕೆ ಮಾತ್ರ ಅಡ್ಡ ಬರುವುದು ವಿಚಿತ್ರವೇ ಸರಿ.

ಅನೇಕ ವಿದ್ಯಾವಂತ ಮಹಿಳೆಯರು ಕ್ಲಾರ್ಕನಿಗೆ ಪ್ರತಿಯಾಗಿ ಲೇಖನ ಬರೆದರು. ಮೇರಿಯೂ ಒಂದನ್ನು ಬರೆದಳು. ಆದರೆ ಅಭಿಪ್ರಾಯಕ್ಕೆ ಅಭಿಪ್ರಾಯ ಉತ್ತರವಾಗದೆಂಬುದು ಅವಳಿಗೆ ಗೊತ್ತಿತ್ತು. ಆ ವೇಳೆಗೆ ಹಾರ್ವರ್ಡಿನ ಬಾಯ್ಲ್‌ಸ್ಟನ್ ಬಹುಮಾನದ ಸಮಿತಿ ಸ್ಪರ್ಧೆಯ ವಿಷಯವೊಂದನ್ನು ಸಾರಿತು: ಮುಟ್ಟಿನ ಕಾಲದಲ್ಲಿ ಹೆಂಗಸರಿಗೆ ಮನಸ್ಸಿನ ಮತ್ತು ದೇಹದ ವಿಶ್ರಾಂತಿ ಬೇಕೆ, ಬೇಕಾದರೆ ಎಷ್ಟು. ಈ ಸ್ಪರ್ಧೆಗೆ ಹೆಂಗಸೊಬ್ಬಳು ಬರೆಯಬೇಕೆಂದು ಬಾಸ್ಟನ್ನಿನ ಕಡೆಯಿಂದ ಮೇರಿಗೆ ಒತ್ತಾಯದ ಪತ್ರ ಬಂತು. ಸ್ಪರ್ಧೆಯ ನಿಯಮದಂತೆ ಪ್ರಬಂಧದ ಮೇಲೆ ಲೇಖಕರ ಹೆಸರಿರಕೂಡದು, ಒಂದು ಸೂಕ್ತಿ ಮಾತ್ರ ಇರಬೇಕು. ಮೇರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು! ಲ್ಯಾಟಿನ್ ಸೂಕ್ತಿಯೊಂದರ ಮರೆಯಲ್ಲಿ ಗಂಡು ಹೆಣ್ಣೆಂಬ ಗುರುತಿಲ್ಲದೆ ಪ್ರಬಂಧ ಪರೀಕ್ಷಕರ ಕೈ ಸೇರಿತು.

ಅವಳು ಕೆಲಸ ಮಾಡಿದ ಬಗೆಯನ್ನು ಕೊಂಚ ವಿವರವಾಗಿ ಹೇಳುವುದು ಅವಶ್ಯ. ಮೊದಲು ಆಕೆ ಹಳೆಯ ಗ್ರಂಥಗಳನ್ನು ತೆರೆದು, ಮುಟ್ಟಿನ ವಿಷಯದಲ್ಲಿ ಬೇರೆಬೇರೆ ಕಾಲದ ಜನ ಏನೇನು ನಂಬಿದ್ದರೆಂದು ನೋಡಿದಳು. ಒಂದು ಕಾಲದಲ್ಲಿ ಅದು ಮೈಲಿಗೆ, ಇನ್ನೊಂದು ಕಾಲದಲ್ಲಿ ಅದು ಕಾಯಿಲೆ. ಕಾರಣಗಳು ಬದಲಾದರೂ ಹೆಣ್ಣನ್ನು ಮೂಲೆಯಲ್ಲಿ ಕೂರಿಸುವ ತೀರ್ಮಾನ ಮಾತ್ರ ಬದಲಾಗದೆ ಉಳಿದು ಬಂದಿದೆ. ವೈದ್ಯಶಾಸ್ತ್ರದ ಪ್ರಬಂಧವೊಂದು ಇತಿಹಾಸದಿಂದ ಆರಂಭವಾದುದು ನನ್ನಂಥವಳಿಗೆ ಹೆಮ್ಮೆಯ ವಿಷಯ. ಬಳಿಕ ಆಕೆ ಪ್ರಶ್ನೆಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿ ೧೦೦೦ ಹೆಂಗಸರಿಗೆ ಹಂಚಿದಳು. ಮುಟ್ಟಿನಲ್ಲಿ ನೋವುಂಟೇ, ಎಷ್ಟು, ಶಾಲೆಯಲ್ಲಿ ಎಷ್ಟು ವರ್ಷ ಓದಿದಿರಿ, ದಿನಕ್ಕೆ ಎಷ್ಟು ದೂರ ನಡೆಯಬಲ್ಲಿರಿ, ಉದ್ಯೋಗವೇನು, ತಂದೆತಾಯಿಗಳ ಆರೋಗ್ಯ ಹೇಗೆ, ಆ ದಿನಗಳಲ್ಲಿ ವಿಶ್ರಾಂತಿ ತೆಗೆದುಕೊಳ್ಳುವಿರಾ ಎಂಬ ಬಗೆಯ ಪ್ರಶ್ನೆಗಳು. ೨೬೮ ಜನ ಉತ್ತರಿಸಿದರು. ತಾಯಿ ಮಗಳ ನಡುವೆಯೂ ಪಿಸುಮಾತಾಗಿದ್ದ ವಿಷಯವನ್ನು ಕಾಗದದ ಮೇಲೆ ಬರೆದು ಕಳಿಸಲು ಅಷ್ಟು ಮಂದಿ ಮನಸ್ಸು ಮಾಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಉತ್ತರಗಳನ್ನು ಕೋಷ್ಟಕಗಳಾಗಿ ಕಟ್ಟಿದಾಗ, ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನವರು ತಮಗೆ ನೋವಾಗಲಿ ನಿಶ್ಶಕ್ತಿಯಾಗಲಿ ಇಲ್ಲವೇ ಇಲ್ಲವೆಂದಿದ್ದುದು ಕಂಡುಬಂತು. ಹೆಚ್ಚು ಓದಿದವರಲ್ಲಿ ನೋವು ಹೆಚ್ಚೆಂಬ ಕ್ಲಾರ್ಕನ ಊಹೆಗೆ ಆಧಾರ ಸಿಗಲಿಲ್ಲ. ಚೆನ್ನಾಗಿ ಉಂಡು, ನಡೆದಾಡಿ, ಕೈತುಂಬ ಕೆಲಸವಿದ್ದವರೇ ಹೆಚ್ಚು ಸುಖವಾಗಿದ್ದಂತೆ ತೋರಿತು. ಕೇವಲ ಮಾತಿನ ಉತ್ತರಗಳನ್ನೇ ನಂಬಿ ಕೂರದೆ ಆಕೆ ಕೆಲವು ಹೆಂಗಸರನ್ನು ತಿಂಗಳ ಉದ್ದಕ್ಕೂ ಪರೀಕ್ಷಿಸಿದಳು. ಶಾಖಮಾಪಕದಿಂದ ಮೈಶಾಖ, ಸ್ಫಿಗ್ಮೋಗ್ರಾಫ್ ಎಂಬ ಯಂತ್ರದಿಂದ ನಾಡಿಯ ಬಡಿತ, ಮೂತ್ರದಲ್ಲಿ ಹೊರಬೀಳುವ ಯೂರಿಯಾ, ತೋಳಿನ ಬಲ ಇವನ್ನೆಲ್ಲ ಅಳೆದಳು. ಸ್ಫಿಗ್ಮೋಗ್ರಾಫ್ ಎಂದರೆ ಮಣಿಕಟ್ಟಿಗೆ ಕಟ್ಟಿದಾಗ ನಾಡಿ ಏರಿಳಿಯುವುದನ್ನು ಗೆರೆಯಾಗಿ ಗೀಚುವ ಯಂತ್ರ. ಇದರಿಂದ ಆಕೆ ಕಂಡದ್ದು ತಿಂಗಳ ಒಂದು ಅಲೆಯನ್ನು: ಮುಟ್ಟಿಗೆ ಮುಂಚಿನ ದಿನಗಳಲ್ಲಿ ನಿಧಾನವಾಗಿ ಏರಿ, ಸ್ರಾವ ಆರಂಭವಾಗುತ್ತಲೂ ಇಳಿಯುವ ಅಲೆ. ಶಕ್ತಿಯೆಲ್ಲ ಇದ್ದಕ್ಕಿದ್ದಂತೆ ಸೋರಿಹೋಗುವ ಗಂಡಾಂತರದ ಗುರುತು ಎಲ್ಲಿಯೂ ಇರಲಿಲ್ಲ. ಪುಷ್ಟಿಯಾದ ಮೈಕಟ್ಟಿನ ಹೆಂಗಸಿಗೆ ಮುಟ್ಟಿನ ಕಾರಣದಿಂದಲೇ ವಿಶ್ರಾಂತಿ ಬೇಕೆನ್ನಲು ಶರೀರಧರ್ಮದಲ್ಲಿ ಏನೂ ಆಧಾರವಿಲ್ಲವೆಂದು ಆಕೆ ತೀರ್ಮಾನಿಸಿದಳು. ನೋವು ಅನುಭವಿಸುವವರ ನೋವನ್ನು ಅಲ್ಲಗಳೆಯಲಿಲ್ಲ. ಅದು ಹೆಣ್ಣುತನದ ಹಣೆಬರಹವಲ್ಲ, ಕಾರಣ ಹುಡುಕಿ ಚಿಕಿತ್ಸೆ ಮಾಡತಕ್ಕ ವಿಷಯ ಎಂಬುದು ಅವಳ ನಿಲುವು.

೧೮೭೬ರಲ್ಲಿ ಬಹುಮಾನ ಈ ಪ್ರಬಂಧಕ್ಕೇ ಬಂತು. ಲಕೋಟೆ ಒಡೆದು ನೋಡಿದರೆ ಹೆಂಗಸಿನ ಹೆಸರು. ಮರುವರ್ಷ ಅದು ಪುಸ್ತಕವಾಗಿ ತಂದೆಯ ಮನೆತನದ ಪ್ರಕಾಶನದಿಂದಲೇ ಹೊರಬಂತು. ಅದನ್ನು ನೋಡಲು ತಂದೆ ಬದುಕಿರಲಿಲ್ಲ, ೧೮೭೨ರಲ್ಲಿಯೇ ತೀರಿಕೊಂಡಿದ್ದ. ಕ್ಲಾರ್ಕನೂ ೧೮೭೭ರಲ್ಲಿಯೇ ಕಾಲವಾದ. ಹೆಂಗಸಿನ ಪ್ರಬಂಧಕ್ಕೆ ಬಹುಮಾನ ಕೊಟ್ಟ ಹಾರ್ವರ್ಡ್ ತನ್ನ ವೈದ್ಯಶಾಲೆಯಲ್ಲಿ ಹೆಂಗಸರನ್ನು ಸೇರಿಸಿಕೊಂಡದ್ದು ೧೯೪೫ರಲ್ಲಿ. ಬಹುಮಾನಕ್ಕೂ ಪ್ರವೇಶಕ್ಕೂ ನಡುವೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ!

ಸಂಖ್ಯಾಶಾಸ್ತ್ರ ಓದುವ ಮಿತ್ರರು ಇಲ್ಲಿ ಆಕ್ಷೇಪಣೆ ಎತ್ತಬಹುದು. ಸಾವಿರದಲ್ಲಿ ಉತ್ತರಿಸದೆ ಉಳಿದ ೭೩೨ ಜನರ ಗತಿಯೇನು? ಉತ್ತರಿಸಿದವರು ಓದುಬರಹ ಬಲ್ಲವರು. ಗಿರಣಿಯ ಹೆಂಗಸರ, ಹೊಲದ ಹೆಂಗಸರ ಮಾತು ಅದರಲ್ಲಿ ಎಷ್ಟು ಬಂದಿರಬಹುದು? ಆಕ್ಷೇಪಣೆ ನ್ಯಾಯವಾದುದೇ. ಹಾಗೆಯೇ, ಮುಟ್ಟೇಕೆ ಬರುತ್ತದೆಂಬ ಬಗ್ಗೆ ಅವಳು ಕಟ್ಟಿದ ಸಿದ್ಧಾಂತವೂ ಪೂರ್ತಿಯಾಗಿ ನಿಲ್ಲಲಿಲ್ಲ. ಶರೀರ ತಿಂಗಳುದ್ದಕ್ಕೂ ಹೆಚ್ಚುವರಿ ಪೋಷಣೆಯನ್ನು ಕೂಡಿಟ್ಟು ಹೊರಹಾಕುತ್ತದೆ ಎಂದು ಆಕೆ ಎಣಿಸಿದ್ದಳು. ಈ ಚಕ್ರವನ್ನು ತಿರುಗಿಸುವ ಹಾರ್ಮೋನುಗಳು ಆಗ ಯಾರಿಗೂ ಗೊತ್ತಿರಲಿಲ್ಲ. ಈಸ್ಟ್ರೋಜನ್ ಬೇರ್ಪಡಿಸಿದ್ದು ೧೯೨೯ರಲ್ಲಿ, ಪ್ರೊಜೆಸ್ಟರಾನ್ ೧೯೩೪ರಲ್ಲಿ. ಆದರೆ ಅಂಡ ಬಿಡುಗಡೆಯಾಗುವುದೂ ಮುಟ್ಟೂ ಒಂದೇ ಹೊತ್ತಿಗೆ ನಡೆದು ನರಗಳಲ್ಲಿ ಬಿರುಗಾಳಿ ಎಬ್ಬಿಸುತ್ತವೆ ಎಂಬ ಅಂದಿನ ನಂಬಿಕೆಯನ್ನು ಆಕೆ ಒಪ್ಪದೆ ಹೋದದ್ದು ಸರಿಯೆಂದು ಮುಂದೆ ತಿಳಿದುಬಂತು; ಅವೆರಡರ ನಡುವೆ ಸುಮಾರು ಎರಡು ವಾರಗಳ ಅಂತರವುಂಟು. ಮೈಶಾಖದ ಏರಿಳಿತವನ್ನು ಅವಳು ಗುರುತಿಸಿದ್ದೂ ಸರಿಯಾಗಿಯೇ ಇತ್ತು. ಇಂದಿಗೂ ವೈದ್ಯರು ಅದನ್ನು ಬಲ್ಲರು. ನನ್ನ ಮಟ್ಟಿಗೆ ಹೇಳುವುದಾದರೆ, ಅವಳ ಸಿದ್ಧಾಂತಕ್ಕಿಂತ ಅವಳ ವಿಧಾನ ದೊಡ್ಡದು. ಆರೋಗ್ಯವಂತ ಹೆಂಗಸೊಬ್ಬಳಿದ್ದಾಳೆ, ಅವಳಿಗೆ ತನ್ನ ಮೈ ಗೊತ್ತಿದೆ, ಅವಳ ಮಾತಿಗೆ ಲೆಕ್ಕದಲ್ಲಿ ಒಂದು ಮನೆಯುಂಟು ಎಂದು ಆಕೆ ತೋರಿಸಿಕೊಟ್ಟಳು.

ಅವಳ ಸಂಸಾರದ ವಿಷಯವನ್ನೂ ಹೇಳಬೇಕು. ೧೮೭೩ರಲ್ಲಿ, ಕ್ಲಾರ್ಕನ ಪುಸ್ತಕ ಹೊರಬಂದ ವರ್ಷವೇ, ಡಾಕ್ಟರ್ ಏಬ್ರಹಾಂ ಜಕೋಬಿಯನ್ನು ಮದುವೆಯಾದಳು. ಈತ ಜರ್ಮನಿಯಲ್ಲಿ ಕ್ರಾಂತಿಕಾರಿಯಾಗಿ ಸೆರೆಮನೆ ಕಂಡು ಅಮೆರಿಕಾಕ್ಕೆ ಬಂದವನು. ಆ ದೇಶದ ಶಿಶುವೈದ್ಯಶಾಸ್ತ್ರದ ಪಿತಾಮಹನೆಂದು ಹೆಸರಾದವನು. ಆ ಬಹುಮಾನದ ಪ್ರಬಂಧವನ್ನು ಬರೆಯುತ್ತಿದ್ದ ಕಾಲದಲ್ಲಿಯೇ ಮೇರಿ ಮಕ್ಕಳನ್ನು ಹೆತ್ತಳು. ಓದಿದವಳು ಬಂಜೆಯಾಗುತ್ತಾಳೆ ಎಂಬವರಿಗೆ ಅದೂ ಒಂದು ಉತ್ತರ. ಮೊದಲ ಮಗು ಹುಟ್ಟಿದಾಗಲೇ ತೀರಿಕೊಂಡಿತು. ಎರಡನೆಯವನು ಅರ್ನ್ಸ್ಟ್. ಮೂರನೆಯವಳು ಮಾರ್ಜರಿ.

ಅರ್ನ್ಸ್ಟ್ ಏಳು ವರ್ಷದವನಾಗಿದ್ದಾಗ, ೧೮೮೩ರಲ್ಲಿ, ಗಂಟಲಮಾರಿ ಬಂದು ಸತ್ತ. ಮೂರು ವರ್ಷ ಮುಂಚೆ ತಂದೆ ಅದೇ ಗಂಟಲಮಾರಿಯ ಮೇಲೆ ಹೆಸರಾಂತ ಗ್ರಂಥವೊಂದನ್ನು ಬರೆದು ಪ್ರಕಟಿಸಿದ್ದ. ದೇಶದಲ್ಲಿ ಆ ರೋಗವನ್ನು ಅವನಷ್ಟು ಬಲ್ಲವರು ವಿರಳ. ತಾಯಿಯೂ ಮಕ್ಕಳ ರೋಗಗಳನ್ನು ಕುರಿತು ಪಾಠ ಹೇಳುತ್ತಿದ್ದವಳು. ಇಬ್ಬರು ವೈದ್ಯರ ಮನೆಯಲ್ಲಿ, ಇಬ್ಬರ ಕೈ ಮೇಲೆಯೇ ಮಗು ಹೋಯಿತು. ಗಂಟಲಮಾರಿಗೆ ಸೀರಂ ಬಳಕೆಗೆ ಬಂದದ್ದು ಇನ್ನೂ ಹತ್ತು ವರ್ಷಗಳ ಮೇಲೆ. ಆ ದುಃಖ ಗಂಡ ಹೆಂಡಿರ ನಡುವೆ ಗೋಡೆಯಂತೆ ನಿಂತಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಹೆಚ್ಚು ಬೆಳೆಸುವ ಮನಸ್ಸು ನನಗಿಲ್ಲ. ಮೇರಿ ಕೆಲಸ ಬಿಡಲಿಲ್ಲವೆಂದಷ್ಟೇ ಹೇಳುತ್ತೇನೆ. ೧೮೮೬ರಲ್ಲಿ ನ್ಯೂಯಾರ್ಕ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಮಕ್ಕಳಿಗಾಗಿ ಒಂದು ವಿಭಾಗವನ್ನು ತೆರೆದಳು. ಉಳಿದೊಬ್ಬ ಮಗಳಿಗೆ ಸಸ್ಯಶಾಸ್ತ್ರದ ಮೂಲಕ ಪಾಠ ಹೇಳಿ, ಆ ಅನುಭವದಿಂದ ಪ್ರಾಥಮಿಕ ವಿದ್ಯಾಭ್ಯಾಸದ ಮೇಲೆ ೧೮೮೯ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದಳು.

ಅವಳು ಬರೆದ ವೈದ್ಯಕೀಯ ಲೇಖನಗಳು ನೂರಕ್ಕೂ ಮಿಕ್ಕಿವೆ. ೧೮೮೦ರಲ್ಲಿ ನ್ಯೂಯಾರ್ಕಿನ ವೈದ್ಯಕೀಯ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದಳು. ಹಿರಿಯಳಾದ ಎಲಿಜಬೆತ್ ಬ್ಲ್ಯಾಕ್‌ವೆಲ್‌ಳೊಡನೆ ಅವಳಿಗೆ ಅಭಿಪ್ರಾಯಭೇದವಿತ್ತು. ಹೆಂಗಸು ತನ್ನ ತಾಯ್ತನದ ಕರುಣೆಯಿಂದಲೇ ವೈದ್ಯವೃತ್ತಿಯನ್ನು ಶುದ್ಧಗೊಳಿಸುತ್ತಾಳೆಂದು ಬ್ಲ್ಯಾಕ್‌ವೆಲ್ ನಂಬಿದ್ದಳು. ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದನ್ನು ವಿರೋಧಿಸಿದಳು. ಮೇರಿಗೆ ಪ್ರಯೋಗಶಾಲೆಯೇ ದೇವಸ್ಥಾನ. ಕರುಣೆ ಎಲ್ಲರಿಗೂ ಇರಬೇಕಾದುದು, ಹೆಂಗಸರಿಗೆ ಬೇಕಾದುದು ಜ್ಞಾನ ಎಂಬುದು ಅವಳ ಮತ. ಈ ಜಗಳದಲ್ಲಿ ನಾನು ಮೇರಿಯ ಪಕ್ಷ. ಆದರೂ ಬ್ಲ್ಯಾಕ್‌ವೆಲ್‌ಳಂಥವರು ಮೊದಲು ಬಾಗಿಲು ಒಡೆಯದಿದ್ದರೆ ಮೇರಿ ಪ್ರಯೋಗಶಾಲೆಯನ್ನು ಕಾಣುವುದು ಎಲ್ಲಿಂದ?

ಆ ಬಾಗಿಲು ಒಡೆದ ಕಥೆಯನ್ನು ಬರೆದವಳೂ ಮೇರಿಯೇ. ಅಮೆರಿಕಾದಲ್ಲಿ ಮಹಿಳೆಯರ ಕಾರ್ಯವನ್ನು ಕುರಿತ ಗ್ರಂಥವೊಂದು ೧೮೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ವೈದ್ಯವೃತ್ತಿಯ ಅಧ್ಯಾಯ ಇವಳದು. ಸೂಲಗಿತ್ತಿಯರ ಕೈಯಲ್ಲಿದ್ದ ಹೆರಿಗೆಯ ಕೆಲಸ ಗಂಡಸು ವೈದ್ಯರ ಕೈಗೆ ಹೋದುದು, ಆಮೇಲೆ ಹೆಂಗಸರು ಪದವಿಗಾಗಿ ಕಾಲೇಜುಗಳ ಬಾಗಿಲು ತಟ್ಟಿದುದು, ತಮ್ಮವೇ ಆದ ಕಾಲೇಜು ಆಸ್ಪತ್ರೆಗಳನ್ನು ಕಟ್ಟಿದುದು, ಇವನ್ನೆಲ್ಲ ಆಕೆ ದಾಖಲೆ ಮಾಡಿದ್ದಾಳೆ. ತಾವ್ಯಾರೆಂದು ತಾವೇ ಬರೆದಿಡದಿದ್ದರೆ ಮುಂದೆ ಯಾರೂ ಬರೆಯಲಾರರು ಎಂಬುದನ್ನು ಆ ತಲೆಮಾರಿನ ಹೆಂಗಸರು ಚೆನ್ನಾಗಿ ಅರಿತಿದ್ದರು. ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಗೆ ಹಣ ಕೂಡಿಸಿಕೊಟ್ಟು, ಅದಕ್ಕೆ ಬದಲಾಗಿ ಹೆಂಗಸರಿಗೂ ಸರಿಸಮಾನ ಪ್ರವೇಶ ಕೊಡಬೇಕೆಂಬ ಷರತ್ತು ಹಾಕಿದ ಮಹಿಳೆಯರ ಜೊತೆಯಲ್ಲಿ ಮೇರಿಯೂ ದುಡಿದಳು. ಆ ವೈದ್ಯಶಾಲೆ ೧೮೯೩ರಲ್ಲಿ ಆ ಷರತ್ತಿನಂತೆಯೇ ಆರಂಭವಾಯಿತು.

ಮರುವರ್ಷ ನ್ಯೂಯಾರ್ಕ್ ಸಂಸ್ಥಾನದ ಸಂವಿಧಾನ ಸಭೆಯ ಮುಂದೆ ಹೆಂಗಸರ ಮತದಾನದ ಹಕ್ಕಿಗಾಗಿ ವಾದಿಸಿ, ಆ ವಾದವನ್ನು ಪುಸ್ತಕವಾಗಿ ಪ್ರಕಟಿಸಿದಳು. ಸಭೆ ಒಪ್ಪಲಿಲ್ಲ. ಆ ಪುಸ್ತಕದಲ್ಲಿ, ಹೊರದೇಶಗಳಿಂದ ಬಂದ ಬಡ ಗಂಡಸರಿಗೂ ಮತವಿರುವಾಗ ವಿದ್ಯಾವಂತ ಹೆಂಗಸರಿಗಿಲ್ಲವಲ್ಲ ಎಂಬ ಧಾಟಿಯ ಮಾತುಗಳಿವೆ. ಅವು ನನಗೆ ಹಿಡಿಸುವುದಿಲ್ಲ. ಒಬ್ಬರ ಹಕ್ಕನ್ನು ಕೇಳುವಾಗ ಇನ್ನೊಬ್ಬರನ್ನು ಕೆಳಗೆ ಮಾಡಬೇಕೇಕೆ? ಸಿರಿವಂತರ ಮನೆಯಲ್ಲಿ ಬೆಳೆದವಳೆಂಬುದು ಅಲ್ಲಿ ಎದ್ದು ಕಾಣುತ್ತದೆ.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಹೆಸರು ಪರಿಚಿತ. ಮಾನಸಿಕ ದುಗುಡಕ್ಕೆ ಒಳಗಾದ ಆಕೆಯನ್ನು ವೇರ್ ಮಿಚೆಲ್ ಎಂಬ ವೈದ್ಯ ೧೮೮೭ರಲ್ಲಿ ಹಾಸಿಗೆಯಲ್ಲಿ ಮಲಗಿಸಿ, ಹಾಲು ಕೆನೆ ಉಣ್ಣಿಸಿ, ಲೇಖನಿಯನ್ನು ಮುಟ್ಟಕೂಡದೆಂದು ಕಟ್ಟು ಮಾಡಿ ಕಳಿಸಿದ. ವಿಶ್ರಾಂತಿ ಚಿಕಿತ್ಸೆಯೆಂದು ಅದಕ್ಕೆ ಹೆಸರು. ಅದರಿಂದ ಆಕೆ ಹುಚ್ಚಿನ ಅಂಚಿಗೆ ಹೋಗಿ ಬಂದು, ದಿ ಯೆಲ್ಲೋ ವಾಲ್‌ಪೇಪರ್ ಎಂಬ ಕಥೆಯನ್ನು ಬರೆದಳು. ೧೮೯೨ರಲ್ಲಿ ಅದು ಅಚ್ಚಾಯಿತು. ಇದೇ ಗಿಲ್ಮನ್ ಹತ್ತು ವರ್ಷಗಳ ಅನಂತರ ಮೇರಿ ಜಕೋಬಿಯ ಬಳಿಗೆ ಚಿಕಿತ್ಸೆಗೆ ಬಂದಳು. ಮೇರಿ ಕೊಟ್ಟ ಚಿಕಿತ್ಸೆ ತಲೆಕೆಳಗು: ಔಷಧಿಯ ಜೊತೆಗೆ ವ್ಯಾಯಾಮ, ಓದು, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವ ಬುದ್ಧಿಯ ಕೆಲಸ. ರೋಗಿಗೆ ಮತ್ತೆ ಬರೆಯುವ ಚೈತನ್ಯ ಬಂತು. ಇಪ್ಪತ್ತೈದು ವರ್ಷ ಹಿಂದೆ ೨೬೮ ಹೆಂಗಸರ ಉತ್ತರಗಳಿಂದ ಕಲಿತದ್ದನ್ನು ಮೇರಿ ಒಬ್ಬ ಹೆಂಗಸಿನ ಮೇಲೆ ಪ್ರಯೋಗಿಸಿ ನೋಡಿದಂತಾಯಿತು.

ಆ ಹೊತ್ತಿಗೆ ಅವಳೇ ರೋಗಿಯಾಗಿದ್ದಳು. ೧೮೯೬ರಲ್ಲಿ ತಲೆಯ ಹಿಂಭಾಗದಲ್ಲಿ ನೋವು ಕಾಣಿಸಿಕೊಂಡಿತು. ಬರಬರುತ್ತ ನಡಿಗೆ ಅಂಕೆ ತಪ್ಪಿತು, ಕೈ ಕೆಲಸ ಕುಂದಿತು. ಅನುಮೆದುಳನ್ನು ಒತ್ತುತ್ತಿರುವ ಗೆಡ್ಡೆಯೆಂದು ಆಕೆ ನಿರ್ಣಯಿಸಿಕೊಂಡಳು. ಸಾವಿರ ಹೆಂಗಸರಿಗೆ ಪ್ರಶ್ನೆ ಕಳಿಸಿದ ಆ ಕೈ ಈಗ ತನ್ನ ಮೈಯನ್ನೇ ಪ್ರಶ್ನಿಸಿ ಬರೆಯತೊಡಗಿತು. ಯಾವ ಲಕ್ಷಣ ಯಾವಾಗ ತೋರಿತು, ಎಷ್ಟು ಹೊತ್ತು ಇತ್ತು, ಹೇಗೆ ಹೆಚ್ಚಿತು ಎಂದು ಬೇರೊಬ್ಬ ರೋಗಿಯ ವಿಷಯ ಬರೆದಂತೆ ಕ್ರಮವಾಗಿ ದಾಖಲಿಸಿದಳು. ಲೇಖಕಿಯ ಸಾವಿಗೆ ಕಾರಣವಾದ ಗೆಡ್ಡೆಯ ಆರಂಭದ ಲಕ್ಷಣಗಳು, ಆಕೆಯೇ ಬರೆದದ್ದು ಎಂಬ ಅರ್ಥದ ಶೀರ್ಷಿಕೆಯನ್ನು ಅದಕ್ಕೆ ಕೊಟ್ಟಳು. ೧೯೦೬ರ ಜೂನ್ ೧೦ರಂದು, ಅರವತ್ತನಾಲ್ಕು ತುಂಬುವುದಕ್ಕೆ ಇನ್ನೂ ಎರಡೂವರೆ ತಿಂಗಳಿರುವಾಗ, ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಗಂಡ ಇನ್ನೂ ಹದಿಮೂರು ವರ್ಷ ಬದುಕಿದ. ೧೯೨೫ರಲ್ಲಿ ನ್ಯೂಯಾರ್ಕಿನ ಮಹಿಳಾ ವೈದ್ಯರ ಸಂಘದವರು ಅವಳ ಆಯ್ದ ಲೇಖನಗಳನ್ನು ಒಂದು ಸಂಪುಟವಾಗಿ ಹೊರತಂದಾಗ ಈ ಕೊನೆಯ ಬರಹವನ್ನೂ ಅದರಲ್ಲಿ ಸೇರಿಸಿದರು. ಅದೇ ವರ್ಷ ತಂಗಿ ರೂತ್ ಪಟ್ನಂ ಅಕ್ಕನ ಪತ್ರಗಳನ್ನು ಸಂಪಾದಿಸಿ ಪ್ರಕಟಿಸಿದಳು. ರೂತ್ ವೈದ್ಯೆಯಲ್ಲ, ಇತಿಹಾಸಕಾರ್ತಿ.